ಕಟ್ಟಿಸಿದವರು, ಕಟ್ಟಿದವರು



ಶೇಂಗಾ ಹಿಂಡಿ, ಗುರೆಳ್ಳ ಚಟ್ನಿ ಸುದ್ದಿ ಈ ಸಲ ಬಾಜೂಕ ಇಟ್ಟೀನಿ. ರೇಸ್ ಕಾರಿಗೆ ಇಂಜನ್ ಕಟ್ಟಿಕೊಡ್ತಿದ್ದ ಒಬ್ಬ ದೊಡ್ಡ ಮಿಸ್ತ್ರಿ ಸುದ್ದಿ ಬರೀಲಿಕ್ಕೆ ಕುಂತೀನಿ. ಅವರ ಹೆಸರು ಕೀತ್ ಡಕ್ವರ್ತ್. ಇಂಗ್ಲಂಡಿನವರು. 2005ನೇ ಇಸವಿ ಡಿಸೆಂಬರ್ 18ಕ್ಕ ತೀರಿಕೊಂಡ್ರು, ಆಗ ಅವರಿಗೆ 72 ವರ್ಷ. "ನಮಗೂ ರೇಸ್ ಕಾರಿಗೂ ಎಲ್ಲಿದೆಲ್ಲಿ ಸಂಬಂಧ?" ಅಂತ ನಗಬ್ಯಾಡ್ರಿ. ಸಂಬಂಧ ಐತಿ. ಕಡೀತನಕ ಓದ್ರಿ, ಹೇಳ್ತೀನಿ.

ಮೊದಲ ನಮ್ಮೂರ ಮಾತ. ಮಮದಾಪುರದ ಕೆರಿ ಕಟ್ಟಿಸಿದವರು ಯಾರು ಅಂತ ಕೇಳಿದ್ರ ಶಾಲಿ ಹುಡುಗೂರೂ ಮಹಮ್ಮದ್ ಆದಿಲ್‌ಶಾಹ ಅಂತಾವ. ಗೋಲಗುಮ್ಮಟ ಕಟ್ಟಿಸಿದವರೂ ಅವರ. ಆದ್ರ ಕೆರಿ ಕಟ್ಟಿದವರು ಯಾರು? ಏರಿ ಎಷ್ಟ ಎತ್ತರ ಇರಬೇಕು, ತೂಬು ಎಲ್ಲಿಡಬೇಕು ಅಂತ ತಲಿ ಓಡಿಸಿದವ ಯಾರು? ಕಲ್ಲ ಹೊತ್ತ ಹೆಣ್ಣಮಕ್ಕಳು ಎಷ್ಟು ಮಂದಿ? ಅದನ್ನ ಯಾರೂ ಹೇಳಂಗಿಲ್ಲ. ಕಟ್ಟಿಸಿದವರ ಹೆಸರು ಉಳೀತದ, ಕಟ್ಟಿದವರ ಹೆಸರು ಮಣ್ಣಾಗ ಹೋಗ್ತದ. ನಮ್ಮ ವಿಜಯಪುರದಾಗ ಒಂದ ಕಡೆ ಹಂಗ ಆಗಿಲ್ಲ. ಶೆರ್ಜಾ ಬುರುಜಿನ ಮ್ಯಾಲಿನ ಮಲಿಕ್-ಎ-ಮೈದಾನ್ ತೋಪು ನೋಡೀರಲ್ಲ, ಸುಮಾರು 55 ಟನ್ ತೂಕದ್ದು? ಅದನ್ನ 1549ರಾಗ ಅಹ್ಮದನಗರದಾಗ ಎರಕ ಹೊಯ್ದಾರ. ಎರಕ ಹೊಯ್ದ ಮಹಮ್ಮದ್ ರೂಮಿ ಅನ್ನವರ ಹೆಸರು ಆ ತೋಪಿನ ಮ್ಯಾಲೇ ಐತಿ. ರಾಜನ ಹೆಸರಿನ ಜೋಡಿ ಮಿಸ್ತ್ರಿ ಹೆಸರೂ ಉಳದದ್ದು ಅಪರೂಪ.

ಡಕ್ವರ್ತ್ ಅವರ ಹೆಸರು ಅಂಥಾ ಅಪರೂಪದ ಹೆಸರು. ಅದಕ್ಕ ಇವತ್ತು ಅವರನ್ನ ನೆನಸಾಕತ್ತೀನಿ.

ಅವರ ಸುದ್ದಿ ನನಗ ಹೇಳಿದವ ನಮ್ಮ ತಂಗಿ ಮಗ. ಅಂವ ವಿಜಯಪುರದಾಗ ಇಂಜನ್ ಬಿಚ್ಚಿ ಕಟ್ಟೋ ಕೆಲಸ ಮಾಡ್ತಾನ. ಟ್ರ್ಯಾಕ್ಟರ್ ಬರ್ತಾವ, ಲಾರಿ ಬರ್ತಾವ, ಬಾವಿ ಇಂಜನ್ ಬರ್ತಾವ. ಬೋರ್ ಮಾಡಸೂದು, ಪಿಸ್ಟನ್ ಕೂಡಸೂದು, ವಾಲ್ ಉಜ್ಜೂದು, ಎಲ್ಲಾ ಅವನ ಕೈಲೆ ಆಗ್ತದ. ಸಪ್ಪಳ ಕೇಳಿ ರೋಗ ಹೇಳ್ತಾನ. ಆದ್ರ ಕನ್ಯಾ ನೋಡಾಕ ಹೋದಲ್ಲೆಲ್ಲಾ ಒಂದ ಮಾತು: "ಹುಡುಗ ಛಲೋ ಅದಾನ, ಆದ್ರ ಗ್ಯಾರೇಜ್ ಕೆಲಸ ಅಲ್ಲೇನ್ರಿ?" ಹಂಗ ಅನ್ನವರು ಯಾರೋ ಬ್ಯಾರೆ ಮಂದಿ ಅಲ್ಲ. ನಾವ, ಹೆಣ್ಣಮಕ್ಕಳ ಅಂತೀವಿ. ಕಚೇರ್ಯಾಗ ಕುಂತು ಪೆನ್ನ ಹಿಡದವನ ಪಗಾರ ಕಮ್ಮಿ ಇದ್ರೂ ನಡೀತದ, ಎಣ್ಣಿ ಕೈ ಇದ್ದವ ಎಷ್ಟ ದುಡದ್ರೂ ನಮ್ಮ ಕಣ್ಣಿಗೆ ಸಣ್ಣಾಂವ.

ಹುಡುಗಗ ಬ್ಯಾಸರ ಆಗಿ ಒಂದಿನ ನನ್ನ ಮುಂದ ಮೊಬೈಲ್ ಹಿಡದು ಈ ಡಕ್ವರ್ತ್ ಅವರ ಫೋಟೋ ತೋರಿಸಿದ. "ದೊಡ್ಡವ್ವಾ, ಇವರೂ ನನ್ನಂಗ ಇಂಜನ್ ಮಿಸ್ತ್ರಿನ. ಇವರ ಕಟ್ಟಿದ ಇಂಜನ್ ಫಾರ್ಮುಲಾ ಒನ್‌ದಾಗ 155 ರೇಸ್ ಗೆದ್ದೈತಿ" ಅಂದ. ಆವಾಗಿಂದ ನಾನೂ ಕೇಳಿ, ಓದಿ, ಅವನ ಕೈಲೆ ಬಿಡಿಸಿ ಹೇಳಿಸಿಕೊಂಡು ತಿಳಕೊಂಡೀನಿ.

ಇಂಜನ್ ಅಂದ್ರ ನಮಗೇನು ಹೊಸಾದಲ್ಲ. ಕರೆಂಟ್ ನೆಟ್ಟಗ ಬರದ ಕಾಲದಾಗ ಹಿಟ್ಟಿನ ಗಿರಣಿ ಆಯಿಲ್ ಇಂಜನ್ ಮ್ಯಾಲ ನಡೀತಿತ್ತು. ಟುಕ್ ಟುಕ್ ಸಪ್ಪಳ ಕೇಳಿದ ಕೂಡಲೇ ಜ್ವಾಳದ ಬುಟ್ಟಿ ಹೊತಗೊಂಡು ಓಡತಿದ್ವಿ. ಬಾವಿ ಮ್ಯಾಲೂ ಅಂಥಾದ್ದ ಇಂಜನ್ ಇರತಿತ್ತು, ನಮ್ಮ ಕಡೆ ಮಂದಿ ಅದಕ್ಕ "ಕಿರ್ಲೋಸ್ಕರ್" ಅಂತನ ಕರೀತಿದ್ರು. ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ ಅವರೂ ನಮ್ಮ ಕಡಿಯವರ, 1869ರಾಗ ಬೆಳಗಾವಿ ಜಿಲ್ಲೆ ಗುರ್ಲಹೊಸೂರಾಗ ಹುಟ್ಟಿದವರು. ಬೆಳಗಾವ್ಯಾಗ ಸೈಕಲ್ ಅಂಗಡಿಯಿಂದ ಶುರು ಮಾಡಿ, ಮೇವು ಕತ್ತರಸೋ ಯಂತ್ರ, ಕಬ್ಬಿಣದ ನೇಗಿಲು ಮಾಡಿದ್ರು. ಅವರ ಕೈಯೂ ಮೊದಲ ಎಣ್ಣಿ ಕೈನ ಆಗಿತ್ತು.

ಪೆಟ್ರೋಲ್ ಇಂಜನ್ನಿನ ಕೆಲಸ ನಾಕ ಹೆಜ್ಜಿದು. ಗಾಳಿ-ಪೆಟ್ರೋಲ್ ಒಳಗ ಎಳಕೊಳ್ಳೂದು, ಅದನ್ನ ಒತ್ತೂದು, ಕಿಡಿ ಹಚ್ಚೂದು, ಸುಟ್ಟ ಹೊಗಿ ಹೊರಗ ಹಾಕೂದು. ಕಿಡಿ ಹತ್ತಿದಾಗ ಉರಿ ಪಿಸ್ಟನ್ನ ದಬ್ಬತದ, ಆ ದಬ್ಬಿದ ಶಕ್ತಿಲೆ ಗಾಲಿ ತಿರಗತಾವ. ಗಿರಣಿ ಇಂಜನ್ ನಿಮಿಷಕ್ಕ ಕೆಲವು ನೂರು ಸುತ್ತು ಹೊಡೀತಿತ್ತು. ಡಕ್ವರ್ತ್ ಅವರ ಇಂಜನ್ ಹೊಡೀತಿದ್ದದ್ದು 9000 ಸುತ್ತು! ಎರಡು ಸುತ್ತಿಗೆ ಒಂದ ಸಲ ಕಿಡಿ. ಅಂದ್ರ ಒಂದೊಂದ ಕೊಳವ್ಯಾಗ ಸೆಕೆಂಡಿಗೆ 75 ಸಲ ಬೆಂಕಿ ಹತ್ತಬೇಕು. ಅಂಥಾ ಕೊಳವಿ 8. ನಾವು ಒಂದ ಸಲ ಕಣ್ಣ ಪಿಳಕಸೂದ್ರಾಗ ಎಷ್ಟ ಬೆಂಕಿ ಹತ್ತಿ ಆರಿರತಾವ ಲೆಕ್ಕಾ ಹಾಕ್ರಿ.

ಡಕ್ವರ್ತ್ ಹುಟ್ಟಿದ್ದು 1933ರ ಆಗಸ್ಟ್ 10ಕ್ಕ, ಬ್ಲ್ಯಾಕ್‌ಬರ್ನ್ ಅನ್ನೋ ಊರಾಗ. ನಮ್ಮ ಕಡೆ ಇಳಕಲ್ಲು, ಗುಳೇದಗುಡ್ಡ ಇದ್ದಂಗ ಅದೂ ಅರವಿ ನೇಯೋ ಊರು. ಹಿಂದ ಮಗ್ಗದವರ ಹೊಟ್ಟಿ ಮ್ಯಾಲ ಹೊಡದು ನಮ್ಮ ದೇಶಕ್ಕ ಬರತಿತ್ತಲ್ಲ ಲ್ಯಾಂಕಶೈರ್ ಗಿರಣಿ ಬಟ್ಟಿ, ಆ ಸೀಮಿಯ ಊರದು. ಹುಡುಗ ವಯಸ್ಸಿನಾಗ ವಿಮಾನ ಓಡಸಬೇಕು ಅಂತ ವಾಯುಸೇನಾಕ್ಕ ಹೋದ್ರು. ಓಡಸೂ ತರಬೇತಿ ಪೂರಾ ಆಗಲಿಲ್ಲ, ದಾರಿ ಲೆಕ್ಕ ನೋಡೂ ಕೆಲಸಕ್ಕ ಹಾಕಿದ್ರು. ಆಮ್ಯಾಲ ಲಂಡನ್ನಿನ ಇಂಪೀರಿಯಲ್ ಕಾಲೇಜಿನಾಗ ಇಂಜಿನಿಯರಿಂಗ್ ಓದಿ 1955ರಾಗ ಡಿಗ್ರಿ ತಗೊಂಡ್ರು.

ನೌಕರಿ ಸಿಕ್ಕಿದ್ದು ಲೋಟಸ್ ಅನ್ನೋ ರೇಸ್ ಕಾರಿನ ಕಂಪನ್ಯಾಗ. ಅದರ ಮಾಲಕರು ಕಾಲಿನ್ ಚಾಪ್‌ಮನ್. ಅಲ್ಲಿ ಒಂದ ಗೇರ್‌ಬಾಕ್ಸ್ ಘಳಿಗೊಮ್ಮೆ ಕೆಡತಿತ್ತು. ಡಕ್ವರ್ತ್ ಅವರು ತೇಪಿ ಹಚ್ಚಿದ್ರ ನಡಿಯಾಂಗಿಲ್ಲ, ಬುಡದಿಂದ ಬ್ಯಾರೆ ಮಾಡಬೇಕು ಅಂದ್ರು. ಅದಕ್ಕ ರೊಕ್ಕ ಸಿಗಲಿಲ್ಲ. ಸರಿ ಆಗಂಗಿಲ್ಲ ಅಂತ ಗೊತ್ತಿದ್ದ ಕೆಲಸದ ಮ್ಯಾಲ ಹೊತ್ತು ಕಳಿಯಾಕ ಮನಸ್ಸಿಲ್ಲಾಂತ ನೌಕರಿ ಬಿಟ್ರು. ಇಪ್ಪತ್ತೈದು ವರ್ಷದ ಹುಡುಗ, ಕೈಯಾಗ ರೊಕ್ಕಿಲ್ಲ. ನಮ್ಮ ಮನ್ಯಾಗ ಹಂಗ ಮಾಡಿ ಬಂದಿದ್ರ ಏನೇನ ಕೇಳಬೇಕಾಗತಿತ್ತೋ!

1958ರಾಗ ಅವರು, ಲೋಟಸಿನಾಗ ಇದ್ದ ಗೆಳೆಯ ಮೈಕ್ ಕಾಸ್ಟಿನ್, ಇಬ್ಬರೂ ಕೂಡಿ ತಮ್ಮದ ಕಂಪನಿ ಮಾಡಿದ್ರು. ಹೆಸರಿಗೆ ಕಾಸ್ಟಿನ್‌ದಾಗಿಂದು "ಕಾಸ್" ತಗೊಂಡ್ರು, ಡಕ್ವರ್ತ್‌ದಾಗಿಂದು "ವರ್ತ್" ತಗೊಂಡ್ರು. ಕಾಸ್ವರ್ತ್ ಆತು. ಗೆಳೆಯನ ಹೆಸರು ಮೊದಲ, ತಮ್ಮ ಹೆಸರು ಆಮ್ಯಾಲ. ಕಾಸ್ಟಿನ್ ಅವರಿಗೆ ಲೋಟಸಿನ ಕರಾರು ಇತ್ತು, 1962ರ ತನಕ ಅಲ್ಲೇ ಇರಬೇಕಾತು. ಅಲ್ಲೀತನಕ ಅಂಗಡಿ ಭಾರ ಬಹಳಷ್ಟು ಡಕ್ವರ್ತ್ ಅವರ ಹೆಗಲ ಮ್ಯಾಲ.

ಮೊದಮೊದಲ ಅವರು ಹೊಸಾ ಇಂಜನ್ ಮಾಡಲಿಲ್ಲ. ಫೋರ್ಡ್ ಕಂಪನಿಯ ಆಂಗ್ಲಿಯಾ ಅನ್ನೋ ಮಂದಿ ಕಾರಿನ ಇಂಜನ್ ತಂದು, ಬಿಚ್ಚಿ, ತಿದ್ದಿ ರೇಸಿಗೆ ಹೊಂದಸತಿದ್ರು. ಸಂತ್ಯಾಗ ಸಿಗೋ ಜ್ವಾಳದಾಗ ರೊಟ್ಟಿ ಎಲ್ಲಾರೂ ಮಾಡ್ತಾರ, ಅದರಾಗ ಎಲಿಯಂಥಾ ತೆಳ್ಳನ್ನ ರೊಟ್ಟಿ ತಗಿಯಾಕಿ ಒಬ್ಬಾಕಿ ಇರ್ತಾಳಲ್ಲ, ಹಂಗ. 1960ರಾಗ ಗುಡ್‌ವುಡ್ ಮೈದಾನದಾಗ ಅವರ ಇಂಜನ್ ಕಟ್ಟಿದ ಲೋಟಸ್ ಕಾರು ಗೆದ್ದಿತು. ಓಡಿಸಿದವರು ಸ್ಕಾಟ್ಲಂಡಿನ ರೈತರ ಮಗ ಜಿಮ್ ಕ್ಲಾರ್ಕ್. ಈ ಹೆಸರು ನೆನಪಿಟಗೋರಿ, ಮುಂದ ಮತ್ತ ಬರ್ತದ. ಕೆಲಸ ಬೆಳದು 1964ರಾಗ ಕಂಪನಿ ನಾರ್ಥ್ಯಾಂಪ್ಟನ್ ಊರಿಗೆ ಹೋತು. ಅದು ಬೂಟ ಹೊಲಿಯೋ ಕೆಲಸಕ್ಕ ಹೆಸರಾದ ಊರು. ಕೈ ಕಸಬಿನ ಮಂದಿ ಬೆಲಿ ಗೊತ್ತಿದ್ದ ಊರು ಅನ್ರಿ.

1966ರಿಂದ ಫಾರ್ಮುಲಾ ಒನ್ ರೇಸಿನ ಕಾಯ್ದೆ ಬದಲಾತು. ಅಲ್ಲೀತನಕ ಒಂದೂವರಿ ಲೀಟರಿನ ಸಣ್ಣ ಇಂಜನ್ ಇದ್ದವು, ಇನ್ನ ಮುಂದ 3 ಲೀಟರ್ ಅಂದ್ರು. ಲೋಟಸಿಗೆ ಇಂಜನ್ ಕೊಡ್ತಿದ್ದ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿ ಇನ್ನ ನಮಗ ಈ ಕೆಲಸ ಬ್ಯಾಡ ಅಂತು. ಚಾಪ್‌ಮನ್ ಅವರು ಮತ್ತ ಡಕ್ವರ್ತ್ ಕಡೆ ಬಂದ್ರು. ಬಿಟ್ಟು ಹೋದ ಹುಡುಗನ ಹತ್ರಾನ ಹಳೇ ಮಾಲಕ ಬರಬೇಕಾತು ನೋಡ್ರಿ! ರೊಕ್ಕ ಯಾರ ಕೊಡಬೇಕು? ಫೋರ್ಡ್ ಕಂಪನ್ಯಾಗ ವಾಲ್ಟರ್ ಹೇಯ್ಸ್ ಅಂತ ಒಬ್ಬರಿದ್ರು, ಮೊದಲ ಪತ್ರಿಕಾ ಸಂಪಾದಕರು ಆಗಿದ್ದವರು. ಅವರು ಮ್ಯಾಲಿನವರಿಗೆ ಹೇಳಿ ಒಂದು ಲಕ್ಷ ಪೌಂಡ್ ಕೊಡಿಸಿದ್ರು. ಅಷ್ಟ ರೊಕ್ಕದಾಗ ಎರಡು ಇಂಜನ್ ಆಗಬೇಕು. ಮೊದಲ ನಾಕ ಕೊಳವಿದು ಸಣ್ಣದು, ಅದು ಛಲೋ ಆತಂದ್ರ ಅದರ ಮ್ಯಾಲ ಎಂಟು ಕೊಳವಿದು ದೊಡ್ಡದು.

ಡಕ್ವರ್ತ್ ಮನ್ಯಾಗ ಕುಂತು ತಿಂಗಳಗಟ್ಟಲೆ ನಕ್ಷಾ ತಗದ್ರು. ಕಂಪ್ಯೂಟರ್ ಇಲ್ಲ, ಪೆನ್ಸಿಲ್ಲು, ಹಲಗಿ ಅಷ್ಟ. ಅವರು ವಿಚಾರ ಮಾಡಿದ್ದನ್ನ ನಮ್ಮ ಅಡಗಿಮನಿ ಭಾಷೆದಾಗ ಹೇಳ್ತೀನಿ.

ಒಲಿ ಛಲೋ ಉರೀಬೇಕಂದ್ರ ಗಾಳಿ ಬೇಕು. ಅದಕ್ಕ ನಾವು ಊದಗೊಳವಿ ಇಟಗೊಂಡೀವಿ. ಇಂಜನ್ನಿನಾಗ ಗಾಳಿ ಬರೂ ಬಾಗಲಾ ಅಂದ್ರ ವಾಲ್. ಆಗಿನ ಬಹಳಷ್ಟು ಇಂಜನ್ನಿನಾಗ ಒಂದ ಕೊಳವಿಗೆ ಎರಡ ವಾಲ್ ಇರತಿದ್ವು, ಗಾಳಿ ಬರಾಕ ಒಂದು, ಹೊಗಿ ಹೋಗಾಕ ಒಂದು. ಡಕ್ವರ್ತ್ ನಾಕ ಇಟ್ರು. ಒಂದ ದೊಡ್ಡ ಬಾಗಲಾಕ್ಕಿಂತ ಎರಡ ಸಣ್ಣ ಬಾಗಲಾದಾಗ ಗಾಳಿ ಜಾಸ್ತಿ ಬರ್ತದ, ಬಾಗಲಾ ಹಗುರ ಇದ್ರ ಲಗೂನ ತಗದು ಲಗೂನ ಹಾಕಾಕ ಬರ್ತದ. ನಾಕ ವಾಲ್ ಅವರಿಗಿಂತ ಮೊದಲೂ ಮಂದಿ ಮಾಡಿದ್ರು. ಇವರ ಜಾಣತನ ಇದ್ದದ್ದು ಆ ವಾಲ್ ಕೂಡಿಸಿದ ಓರೆದಾಗ. ಹಿಂದಿನವರು ವಾಲ್ ಭಾಳ ಓರೆ ಇಡತಿದ್ರು. ಅದರಿಂದ ಬೆಂಕಿ ಹತ್ತೂ ಜಾಗಾ ಸಂತ್ರಿ ಸಿಪ್ಪಿ ಹಂಗ ತೆಳ್ಳಗ, ಡೊಂಕ ಆಗಿ ಉರಿ ಮೂಲಿ ಮುಟ್ಟಾಕ ತಡ ಆಗತಿತ್ತು. ಇವರು ವಾಲ್ ನೆಟ್ಟಗಿನಕ್ಕ ತಂದ್ರು. ಜಾಗಾ ಸಣ್ಣದು, ಒತ್ತಾದ್ದು ಆತು. ನಡುವ ಕಿಡಿ. ಒಲಿ ನಟ್ಟನಡುವ ಉರಿ ಇದ್ದಾಗ ತವಿ ಮ್ಯಾಲ ರೊಟ್ಟಿ ಸುತ್ತಲೂ ಒಂದ ಸಮ ಬೇಯತದ, ಉರಿ ಒಂದ ಮಗ್ಗಲಿಗೆ ಇದ್ರ ಅತ್ತಾಗ ಕರಕ, ಇತ್ತಾಗ ಹಸಿ. ಇಷ್ಟ ವಿಷಯ, ಆದ್ರ ಇದನ್ನ ಸೆಕೆಂಡಿಗೆ 75 ಸಲ ಮಾಡಬೇಕು. ಈಗಿನ ನಮ್ಮ ಮನಿ ಮುಂದಿನ ಕಾರುಗಳಾಗೂ ಕೊಳವಿಗೆ ನಾಕ ವಾಲ್ ಇರೂದು ಸಾಮಾನ್ಯ ಆಗೇತಿ. ನಮ್ಮ ಹುಡುಗ ದಿನಾ ಬಿಚ್ಚಿ ಕೂಡಸ್ತಾನ.

ಇನ್ನೊಂದ ವಿಷಯ ಐತಿ. ಮಾಳಗಿ ಮನ್ಯಾಗ ನಡುಗಂಬ ಇರ್ತದಲ್ಲ, ತೊಲಿ, ಜಂತಿ ಎಲ್ಲಾದರ ಭಾರ ಅದರ ಮ್ಯಾಲ. ಅಲ್ಲೀತನಕ ಬಹಳಷ್ಟು ಕಾರಿನಾಗ ಇಂಜನ್ ಅಂದ್ರ ಚೌಕಟ್ಟಿನ ಒಳಗ ಇಟ್ಟ ಸಾಮಾನು. ಚಾಪ್‌ಮನ್, ಡಕ್ವರ್ತ್ ಕೂಡಿ ಇಂಜನ್ನನ್ನ ಕಂಬ ಮಾಡಿದ್ರು. ಡ್ರೈವರ್ ಕೂಡೋ ತೊಟ್ಟಿ ಹಿಂದ ಇಂಜನ್ ಬೋಲ್ಟ್ ಹಾಕಿ ಬಿಗದು, ಹಿಂದಿನ ಗಾಲಿ ಭಾರ ಆ ಇಂಜನ್ನಿಗೇ ಹೊರಿಸಿದ್ರು. ಹಿಂದಿನ ಚೌಕಟ್ಟು ಬ್ಯಾಡಾತು, ಕಾರು ಹಗುರಾತು. ಇಂಜನ್ ಎಂಟು ಕೊಳವಿದು, 32 ವಾಲಿಂದು, 400ಕ್ಕಿಂತ ಜಾಸ್ತಿ ಕುದರಿ ಶಕ್ತಿದು. ನಮ್ಮ ಮಾರುತಿ 800 ಕಾರಿಗೆ ಇದ್ದದ್ದು ಸುಮಾರು 40 ಕುದರಿ. ಹೆಸರು ಡಿಎಫ್‌ವಿ ಅಂತಿಟ್ರು. "ನಾಕ ವಾಲಿಂದು, ಎರಡ ಪಟ್ಟು" ಅಂತ ಅದರ ಅರ್ಥ, ಮೊದಲ ಮಾಡಿದ ನಾಕ ಕೊಳವಿದು ಎರಡು ಕೂಡಿಸಿದಂಗ ಅಂತ.

1967ರ ಜೂನ್ 4. ನೆದರ್ಲಂಡ್ಸಿನ ಝಾಂಡ್‌ವೋರ್ಟ್. ಲೋಟಸ್ 49 ಅನ್ನೋ ಹೊಸಾ ಕಾರು, ಅದರಾಗ ಹೊಸಾ ಇಂಜನ್. ಎಲ್ಲಾರಿಗಿಂತ ಮುಂದ ನಿಂತು ಶುರು ಮಾಡಿದವರು ಗ್ರಹಾಂ ಹಿಲ್. ಸ್ವಲ್ಪ ಹೊತ್ತಿನಾಗ ಅವರ ಇಂಜನ್ನಿನ ಒಳಗಿನ ಗೇರಿನ ಹಲ್ಲ ಮುರದು ಕಾರು ನಿಂತಿತು. ಎರಡನೇ ಕಾರಿನಾಗ ಜಿಮ್ ಕ್ಲಾರ್ಕ್. ಆ ಕಾರು ಅವರು ಓಡಿಸಿದ್ದ ಅದ ವಾರ ಮೊದಲ ಸಲ. ಎಂಟನೇ ಜಾಗಾದಿಂದ ಹೊಂಟು ಗೆದ್ದು ಬಂದ್ರು. ಹುಟ್ಟಿದ ಇಂಜನ್ ಮೊದಲನೇ ರೇಸಿನಾಗ ಗೆದ್ದಿತು! 1960ರಾಗ ಡಕ್ವರ್ತ್ ಅವರ ಕೈಗುಣ ಗೆಲ್ಲಿಸಿದ ಅದ ಕ್ಲಾರ್ಕ್.

ಮರುದಿನ ಹೆಸರು ಮೆರದದ್ದು ಫೋರ್ಡಿಂದು, ಲೋಟಸಿಂದು, ಕ್ಲಾರ್ಕಿಂದು. ಡಕ್ವರ್ತ್ ಅವರ ಕಣ್ಣ ಇದ್ದದ್ದು ಮಾತ್ರ ಆ ಮುರದ ಹಲ್ಲಿನ ಮ್ಯಾಲ. ಇದನ್ನ ಕೇಳಿದಾಗ ನನಗ ಅವರು ಹತ್ರದವರು ಅನ್ನಿಸಿದ್ರು. ಮನಿ ತುಂಬ ಮಂದಿ ಊಟ ಮಾಡಿ ಛಲೋ ಆಗಿತ್ತು ಅಂದ್ರೂ, ಹೋಳಿಗಿ ಒಂದು ಹರದದ್ದು ಯಾಕ ಅಂತ ನಾವು ರಾತ್ರಿ ತನಕ ವಿಚಾರ ಮಾಡ್ತೀವಲ್ಲ. ಗೇರಿನ ಹಲ್ಲ ಎಷ್ಟ ಗಟ್ಟಿ ಮಾಡಿದ್ರೂ ಆ ವೇಗದಾಗ ನಡುಗಿ ನಡುಗಿ ಮುರೀತಿದ್ವು. ಕಡೀಕ ಅವರು ಗೇರಿನ ನಡುವ ಸಣ್ಣ ಸಣ್ಣ ಉಕ್ಕಿನ ಕಡ್ಡಿ ಇಟ್ರು. ಹೊಡೆತ ಬಿದ್ದಾಗ ಆ ಕಡ್ಡಿ ಇಟೀಟ ತಿರುಚಿ ಹೊಡೆತ ತಡಕೊಂಡು ಮತ್ತ ನೆಟ್ಟಗ ಆಗತಿದ್ವು. ಹಲ್ಲ ಮುರಿಯೂದು ನಿಂತಿತು. ಗಟ್ಟಿ ಇರೂದಷ್ಟ ಸಾಕಾಗಂಗಿಲ್ಲ, ಬಾಗೂದೂ ಬರಬೇಕು. ಇದು ಕೂಡಿದ ಮನಿ ನಡಸಿದ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿಂದು ಅವರ ಹೆಸರು ಉಳಿಯಾಕ ಅಸಲಿ ಕಾರಣ. ಆ ಇಂಜನ್ ಲೋಟಸ್ ಒಂದಕ್ಕ ಇದ್ದಿದ್ರ ರೇಸ್ ಬ್ಯಾಸರ ಆಗತಿತ್ತು, ಉಳದವರು ಬಿಟ್ಟು ಹೋಗತಿದ್ರು. 1968ರಿಂದ ಬ್ಯಾರೆಯವರಿಗೂ ಮಾರೂದು ಅಂತ ಠರಾವ್ ಆತು. ಬೆಲಿ 7500 ಪೌಂಡ್. ಆಗ ಏನಾತಂದ್ರ, ಫೆರಾರಿಯಂಥಾ ದೊಡ್ಡ ಮನೆತನದವರು ತಮ್ಮ ಇಂಜನ್ ತಾವ ಮಾಡಿಕೊಳ್ಳತಿದ್ರು, ಸಣ್ಣವರಿಗೆ ಆ ತಾಕತ್ತು ಇರಲಿಲ್ಲ. ಈಗ ಸಣ್ಣವರೂ ಶೆಡ್ಡಿನಾಗ ಕಾರಿನ ಒಡಲು ಕಟ್ಟಿ, ನಾರ್ಥ್ಯಾಂಪ್ಟನ್ನಿಗೆ ಹೋಗಿ ಡಿಎಫ್‌ವಿ ತಂದು ಕೂಡಿಸಿ ಜಗತ್ತಿನ ದೊಡ್ಡ ರೇಸಿಗೆ ನಿಲ್ಲಾಕ ಬರಾಕತ್ತಿತು. ಕೆನ್ ಟಿರೆಲ್ ಅಂತ ಒಬ್ಬರು ಕಟಗಿ ಅಡ್ಡಾದವರು. ಆ ಅಡ್ಡಾದಾಗ ಕಾರು ಕಟ್ಟಿದ್ರು. ಅವರ ತಂಡಕ್ಕ ಓಡಿಸಿದ ಜಾಕಿ ಸ್ಟೀವರ್ಟ್ 1969, 1971, 1973, ಮೂರು ಸಲ ಜಗತ್ತಿನ ಚಾಂಪಿಯನ್ ಆದ್ರು. ಮೂರು ಸಲಾನೂ ಡಕ್ವರ್ತ್ ಅವರ ಇಂಜನ್. 1969ರಾಗ, 1973ರಾಗ ಚಾಂಪಿಯನ್‌ಶಿಪ್ಪಿನ ಎಲ್ಲಾ ರೇಸ್ ಇದ ಇಂಜನ್ ಗೆದ್ದೈತಿ. 1968ರಿಂದ 1982ರ ತನಕ ಚಾಂಪಿಯನ್ ಆದವರ ಲೆಕ್ಕದಾಗ 12 ಸಲ ಇದ ಇಂಜನ್. ಒಂದ ನಕ್ಷಾ ಅಷ್ಟ ವರ್ಷ ನಡದದ್ದು ಅಂಥಾ ರೇಸಿನಾಗ ದೊಡ್ಡ ಮಾತು.

ಒಂದ ಇಂಜನ್ನಿಂದ ಎಷ್ಟೋ ಮಿಸ್ತ್ರಿ ಮನಿ ಒಲಿ ಉರದವು. ರೇಸ್ ಇಂಜನ್ ಓಡಿದ ಮ್ಯಾಲ ಬಿಚ್ಚಿ, ತೊಳದು, ಸವದದ್ದು ತಗದು, ಹೊಸಾದ್ದು ಕೂಡಿಸಿ ಮತ್ತ ಕಟ್ಟಬೇಕು. ಅದನ್ನ ಮಾಡೂ ಬ್ಯಾರೆ ಬ್ಯಾರೆ ಕಾರಖಾನಿ ಹುಟ್ಟಿದ್ವು. ನ್ಯೂಜಿಲಂಡಿನಿಂದ ಬಂದ ಜಾನ್ ನಿಕಲ್ಸನ್ ಅವರು ಡಿಎಫ್‌ವಿ ಕಟ್ಟೂದರಾಗ ಹೆಸರು ಮಾಡಿದವರು. ಒಂದ ದೊಡ್ಡ ಬಾವಿ ತೋಡಿದ್ರ ಸುತ್ತಿನ ಹೊಲಕ್ಕೆಲ್ಲಾ ಪಸಿ ಹಿಡದಂಗ.

ಬರೇ ಗೆದ್ದ ಸುದ್ದಿ ಹೇಳಿದ್ರ ಅರ್ಧಾ ಹೇಳಿದಂಗ ಆಗ್ತದ. ಆ ಕಾಲದ ರೇಸ್ ಜೀವಾ ತಿಂತಿತ್ತು. ಜಿಮ್ ಕ್ಲಾರ್ಕ್ 1968ರ ಏಪ್ರಿಲ್ 7ಕ್ಕ ಜರ್ಮನಿಯ ಹಾಕನ್‌ಹೈಮಿನಾಗ ತೀರಿಕೊಂಡ್ರು, ವಯಸ್ಸು ಬರೇ 32. ಯೋಹೆನ್ ರಿಂಟ್ 1970ರಾಗ ಮಾಂಝಾದಾಗ ಹೋದ್ರು, ಹೋದ ಮ್ಯಾಲ ಆ ವರ್ಷದ ಚಾಂಪಿಯನ್ ಅವರ ಆದ್ರು. ಪ್ರಶಸ್ತಿ ತಗೊಳ್ಳಾಕ ನಿಂತಾಕಿ ಅವರ ಹೇಣ್ತಿ ನೀನಾ. ಸ್ಟೀವರ್ಟ್ ಅವರ ಹೇಣ್ತಿ ಹೆಲೆನ್ ಕೈಯಾಗ ಗಡಿಯಾರ ಹಿಡದು ಗಂಡ ಹೊಡದ ಒಂದೊಂದ ಸುತ್ತಿನ ಲೆಕ್ಕ ಬರೀತಿದ್ರು. ಗಾಡಿ ಬರೂ ಹೊತ್ತಿಗೆ ಬರಲಿಲ್ಲಂದ್ರ ಆ ಜೀವಕ್ಕ ಹೆಂಗ ಆಗಿರಬೇಕು, ಲಾರಿ ಓಡಸೂ ಗಂಡಂದಿರ ಹಾದಿ ಕಾದ ನಮ್ಮೂರ ಹೆಣ್ಣಮಕ್ಕಳನ್ನ ಕೇಳ್ರಿ. ಆಮ್ಯಾಲ ಸ್ಟೀವರ್ಟ್ ಅವರು ಸುರಕ್ಷತಾದ ಸಲುವಾಗಿ ಜಗಳಾಡಿ ಜಗಳಾಡಿ ಕಾಯ್ದೆ ಬದಲಿ ಮಾಡಿಸಿದ್ರು.

ಡಕ್ವರ್ತ್ ಅವರ ಇನ್ನೊಂದ ಮಾತು ನನ್ನ ಮನಸ್ಸಿಗೆ ಭಾಳ ಹಿಡಿಸೇತಿ. 1977ರಿಂದ ಟರ್ಬೊ ಅನ್ನೋ ಇಂಜನ್ ಬಂದ್ವು. ಅದು ಗಾಳಿ ಒತ್ತಿ ತುಂಬಿ, ಪೆಟ್ರೋಲ್ ಜಾಸ್ತಿ ಕುಡದು, ಶಕ್ತಿ ಕೊಡೂದು. ಡಕ್ವರ್ತ್ ಅವರಿಗೆ ಅದು ಸರಿ ಬರಲಿಲ್ಲ. ಇಂಜನ್ ಎಷ್ಟ ದೊಡ್ಡದು ಅನ್ನೂದಕ್ಕ ಕಾಯ್ದೆ ಮಾಡಬ್ಯಾಡ್ರಿ, ಪೆಟ್ರೋಲ್ ಎಷ್ಟ ಕುಡಿಯಾಕ ಬಿಡ್ತೀರಿ ಅನ್ನೂದಕ್ಕ ಕಾಯ್ದೆ ಮಾಡ್ರಿ, ಆಗ ಯಾರು ಜಾಣರು ಗೊತ್ತಾಗ್ತದ ಅಂತ ಅವರ ವಾದ ಇತ್ತು. ಆಗ ಯಾರೂ ಕೇಳಲಿಲ್ಲ. 2014ರಾಗ ಫಾರ್ಮುಲಾ ಒನ್ ಹೊಸಾ ಕಾಯ್ದೆ ಬಂತು: ತಾಸಿಗೆ 100 ಕಿಲೋಕ್ಕಿಂತ ಜಾಸ್ತಿ ಇಂಧನ ಹರಿಯಂಗಿಲ್ಲ, ಒಂದ ರೇಸಿಗೆ 100 ಕಿಲೋಕ್ಕಿಂತ ಜಾಸ್ತಿ ಬಳಸಂಗಿಲ್ಲ ಅಂತ. ಅವರು ಹೋಗಿ ಎಂಟ ವರ್ಷ ಆಗಿತ್ತು. ತಿಂಗಳಿಗೆ ಇಷ್ಟ ಗ್ಯಾಸು, ಇಷ್ಟ ರೊಕ್ಕ, ಇಷ್ಟ ಮಂದಿ, ಇದರಾಗ ಅಡಗಿ ಮಾಡು ಅಂದಾಗ ಯಾರು ಸುಗ್ರಾಣಿ ಅಂತ ಗೊತ್ತಾಗ್ತದಲ್ಲ, ಅದ ಲೆಕ್ಕ.

ನಮ್ಮ ದೇಶಕ್ಕೂ ಅವರ ಕಂಪನಿ ನಂಟು ಐತಿ. 2011ರ ಅಕ್ಟೋಬರ್ 30ಕ್ಕ ದಿಲ್ಲಿ ಹತ್ರ ಮೊದಲನೇ ಇಂಡಿಯನ್ ಗ್ರ್ಯಾಂಡ್ ಪ್ರಿ ಆತು. ಅದರಾಗ ನಮ್ಮವರು ಅಂತ ಓಡಿಸಿದವರು ಕೊಯಮತ್ತೂರಿನ ನಾರಾಯಣ ಕಾರ್ತಿಕೇಯನ್. ಅವರ ಕಾರಿನಾಗ ಇದ್ದದ್ದು ಕಾಸ್ವರ್ತ್ ಇಂಜನ್. ಈ ಕಾರ್ತಿಕೇಯನ್ ಅವರು ಹುಡುಗ ಇದ್ದಾಗ ರೇಸ್ ಕಲತದ್ದು ಫಾರ್ಮುಲಾ ಮಾರುತಿ ಕಾರಿನಾಗ. ಅದನ್ನ ಮಾಡಿದವರು ಕೊಯಮತ್ತೂರಿನವರ ಆದ ಎಸ್. ಕರಿವರ್ಧನ್. ಮಂದಿ ಅವರನ್ನ ಪ್ರೀತಿಲೆ ಕರಿ ಅಂತಿದ್ರು. ಒಬ್ಬರ ಕೂಡೋ ರೇಸ್ ಕಾರು ಕಟ್ಟಿ, ಅದಕ್ಕ ನಮ್ಮ ಮನಿ ಮುಂದ ನಿಲ್ಲತಿದ್ದ ಮಾರುತಿ 800ರ ಮೂರ ಕೊಳವಿ ಇಂಜನ್ ಕೂಡಿಸಿದ್ರು. ಸಾದಾ ಇಂಜನ್, ಎಲ್ಲೆಂದ್ರಲ್ಲಿ ಸಾಮಾನು ಸಿಗ್ತಿತ್ತು, ಖರ್ಚು ಕಮ್ಮಿ, ಅದಕ್ಕ ನಮ್ಮ ದೇಶದ ಹುಡುಗೂರು ರೇಸ್ ಕಲಿಯಾಕ ಸಾಧ್ಯ ಆತು. ಇಂಗ್ಲಂಡಿನಾಗ ಆಂಗ್ಲಿಯಾ ಇಂಜನ್ ತಿದ್ದಿ ಡಕ್ವರ್ತ್ ಶುರು ಮಾಡಿದ್ದೂ ಹಿಂಗನ ಅಲ್ಲೇನ್ರಿ? ಕರಿವರ್ಧನ್ ಅವರು 1995ರಾಗ ಸಣ್ಣ ವಿಮಾನದ ಅಪಘಾತದಾಗ ತೀರಿಕೊಂಡ್ರು. ಕೊಯಮತ್ತೂರಿನ ರೇಸ್ ಮೈದಾನಕ್ಕ ಅವರ ಹೆಸರಿಟ್ಟಾರ, ಕರಿ ಮೋಟಾರ್ ಸ್ಪೀಡ್‌ವೇ ಅಂತ. ಕಟ್ಟಿದವರ ಹೆಸರು ಉಳದ ಇನ್ನೊಂದ ಜಾಗಾ ಅದು.

ಡಿಎಫ್‌ವಿಗೆ ಇವತ್ತೂ ಮಂದಿ "ಫೋರ್ಡ್ ಕಾಸ್ವರ್ತ್" ಅಂತಾರ. ಕಟ್ಟಿಸಿದವರ ಹೆಸರು ಮುಂದ, ಕಟ್ಟಿದವರ ಹೆಸರು ಹಿಂದ. ಹಿಂದ ಆದ್ರೂ ಐತಿ, ನಮ್ಮ ತೋಪಿನ ಮ್ಯಾಲ ರೂಮಿ ಹೆಸರು ಇದ್ದಂಗ. ಅದು ಯಾರೋ ದಾನಾ ಕೊಟ್ಟ ಹೆಸರಲ್ಲ. ಮಾಡಿದ ಕೆಲಸ ಇನ್ನೊಬ್ಬರ ಕೈಗೆ ಕೊಟ್ಟು, ಅವರು ಗೆದ್ದಾಗ ದೂರ ನಿಂತು, ಮುರದಾಗ ಮುಂದ ಬಂದು ನಿಂತವರ ಹೆಸರು. ನಮ್ಮ ನಮ್ಮ ಊರಾಗೂ ಅಂಥವರು ಅದಾರ. ಬಿತ್ತೂ ಹೊತ್ತಿನಾಗ ಟ್ರ್ಯಾಕ್ಟರ್ ನಿಂತ್ರ ರಾತ್ರಿ ಹತ್ತಕ್ಕ ಬ್ಯಾಟರಿ ಹಿಡಕೊಂಡು ಹೊಲಕ್ಕ ಬರಾಂವ, ಬಾವಿ ಮೋಟಾರ್ ಸುಟ್ರ ದ್ರಾಕ್ಷಿ ಒಣಗೂದರಾಗ ಸುತ್ತಿ ಕೊಡಾಂವ. ಅವನ ಹೆಸರು ನಮಗ ನೆನಪ ಇರಂಗಿಲ್ಲ, "ಆ ಮಿಸ್ತ್ರಿಗೆ ಫೋನ್ ಹಚ್ಚು" ಅಂತೀವಿ ಅಷ್ಟ. ಬೆಳಿ ಬಂದಾಗ ಹೆಸರು ಹೊಲದವಂದು.

ಅದಕ್ಕ ಅಕ್ಕಗೋಳ್ರಾ, ನನ್ನ ಬೇಡಿಕಿ ಇಷ್ಟ. ಕನ್ಯಾ ಕೊಡೂ ಮಾತ ಬಂದಾಗ, "ಹುಡುಗ ಏನ ಕೆಲಸಕ್ಕ ಅದಾನ?" ಅಂತ ಕೇಳಿ ಅಲ್ಲಿಗೇ ಬಿಡಬ್ಯಾಡ್ರಿ. "ಆ ಕೆಲಸ ಹೆಂಗ ಮಾಡ್ತಾನ?" ಅಂತ ಇನ್ನೊಂದ ಪ್ರಶ್ನಿ ಕೇಳ್ರಿ. ಅವನ ಕೈಯಾಗ ಹೋದ ಇಂಜನ್ ಮತ್ತ ಎಷ್ಟ ದಿನಕ್ಕ ತಿರುಗಿ ಬರ್ತದ ಅಂತ ಕೇಳ್ರಿ. ರೊಕ್ಕದ ಲೆಕ್ಕ ಸಚ್ಚಾ ಅದಾನೋ ಇಲ್ಲೋ ಗಿರಾಕಿನ ಕೇಳ್ರಿ. ಕುಡೀತಾನೇನು ಅಂತನೂ ಕೇಳ್ರಿ, ಅದು ಬಿಡಬ್ಯಾಡ್ರಿ. ಉಗರಿನ ಸಂದ್ಯಾಗಿನ ಕರಿ ಎಣ್ಣಿ ಮಾತ್ರ ಲೆಕ್ಕಕ್ಕ ಹಿಡೀಬ್ಯಾಡ್ರಿ, ಸಬಕಾರ ಹಚ್ಚಿದ್ರ ಹೋಗ್ತದ. ನಮ್ಮ ಕೈಯಾಗೂ ಅರಿಷಿಣ, ಮಸಿ, ಸಗಣಿ ಎಲ್ಲಾ ಇರ್ತದ, ಅದರಿಂದ ನಾವೇನ ಸಣ್ಣವರಾಗಿಲ್ಲ.

ನಮ್ಮ ಹುಡುಗಗ 28 ನಡದಾವ. ಹೇಳಿಟ್ಟೀನಿ, ಯಾರಿಗರ ಮನಸ್ಸಿಗೆ ಬಂದ್ರ ನನಗ ಫೋನ್ ಹಚ್ರಿ. ಮುಂದಿನ ಸಲ ಎಳ್ಳಮಾಸಿ ಚರಗಾದ ಸಜ್ಜಿ ಕಡಬು ಬರೀತೀನಿ, ಅದಕ್ಕ ಬೇಕಾದ ಸಜ್ಜಿ ಈಗಿಂದ ಹಸನ ಮಾಡಿ ಇಟಗೋರಿ.